ಸೌದೆ ಗಾಡಿಯ ಲೆಕ್ಕ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವ ಹೊತ್ತು. ಹಳೇ ಪಿಕಪ್ಪು, ಜೀಪು, ಮೆಷಿನ್ ಗರಗಸ, ಹಗ್ಗ, ಎಲ್ಲದರ ಮೇಲೂ ಪ್ರಶ್ನೆಗಳು ಬಂದಿವೆ. ಮರ ಕಡಿಸುವ ಮೇಸ್ತ್ರಿಗಳು, ಗ್ಯಾರೇಜಿನವರು ಮತ್ತು ಅಡಿಕೆ ಬೇಯಿಸುವ ಬೆಳೆಗಾರರು ಸೇರಿ ಉತ್ತರಿಸಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಕೊಟ್ಟಿದ್ದೇವೆ.

ನಮ್ಮದು ಹಳೇ ಪಿಕಪ್, ಬಾಡಿ 8 ಅಡಿ ಉದ್ದ, ಐದೂವರೆ ಅಡಿ ಅಗಲ. ನೀಲಗಿರಿ ಸೌದೆ ‘ಒಂದು ಲೋಡು’ ಅಂತ ಕೊಳ್ಳುತ್ತೇವೆ. ಬಾಡಿಯ ಮೇಲೆ ಸ್ವಲ್ಪ ಏರಿಸಿ ತುಂಬಿದ್ದಷ್ಟೇ, ಆದರೂ ಹಿಂದಿನ ಕಮಾನು ಪ್ಲೇಟು ಮುರಿಯುತ್ತಲೇ ಇದೆ. ಪ್ಲೇಟು ಹೆಚ್ಚಿಗೆ ಹಾಕಿಸಬೇಕೆ?
— ಓದುಗರು, ಕೊಪ್ಪ

ಪ್ಲೇಟಿನ ಮಾತು ಆಮೇಲೆ. ಮೊದಲು ನೀವು ಏನನ್ನು ಹೊರುತ್ತಿದ್ದೀರಿ ನೋಡಿ. 8 ಅಡಿ ಉದ್ದ, 5.5 ಅಡಿ ಅಗಲ, ಎರಡೂವರೆ ಅಡಿ ಎತ್ತರಕ್ಕೆ ಜೋಡಿಸಿದರೆ 110 ಘನ ಅಡಿ, ಅಂದರೆ ಸುಮಾರು 3.1 ಘನ ಮೀಟರ್. ಅದೆಲ್ಲ ಮರವಲ್ಲ, ನಡುವೆ ಗಾಳಿ ಇದೆ. ಒತ್ತಾಗಿ ಜೋಡಿಸಿದ ರಾಶಿಯಲ್ಲಿ ನೂರಕ್ಕೆ ಅರವತ್ತರಷ್ಟು ಮರ ಅಂತ ಹಿಡಿದರೆ 1.87 ಘನ ಮೀಟರ್ ಗಟ್ಟಿ ಮರ. ಹಸಿ ನೀಲಗಿರಿ ಘನ ಮೀಟರಿಗೆ ಸಾವಿರ ಕೆಜಿಗೆ ಕಡಿಮೆ ತೂಗುವುದಿಲ್ಲ, ಸಾವಿರದ ನೂರೂ ಆಗುತ್ತದೆ. ಹಾಗಾಗಿ ನಿಮ್ಮ ‘ಸ್ವಲ್ಪ ಏರಿಸಿದ’ ಲೋಡು ಹತ್ತಿರ ಹತ್ತಿರ 2 ಟನ್.

ಈಗ ನಿಮ್ಮ ಆರ್‌ಸಿ ತೆಗೆಯಿರಿ. ಅದರಲ್ಲಿ ಒಟ್ಟು ತೂಕ ಮತ್ತು ಖಾಲಿ ಗಾಡಿಯ ತೂಕ ಎರಡೂ ಇರುತ್ತವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ, ಚಾಲಕ ಮತ್ತು ಇಬ್ಬರು ಆಳುಗಳ ಲೆಕ್ಕಕ್ಕೆ ಇನ್ನೊಂದು 200 ಕೆಜಿ ಕಳೆಯಿರಿ. ಉಳಿದದ್ದೇ ಸೌದೆಯ ಪಾಲು. ಹಳೇ ಪಿಕಪ್ಪುಗಳಲ್ಲಿ ಅದು ಸಾಮಾನ್ಯವಾಗಿ ಒಂದು ಟನ್ನಿನ ಆಚೀಚೆ ಬಂದು ನಿಲ್ಲುತ್ತದೆ. ನೀವು ಅದರ ದುಪ್ಪಟ್ಟು ಹೇರುತ್ತಿದ್ದೀರಿ. ಪ್ಲೇಟು ಮುರಿಯದೆ ಏನು ಮಾಡೀತು?

ಆ 2 ಟನ್ನಿನಲ್ಲಿ ನೂರಕ್ಕೆ 45 ಭಾಗ ನೀರಿದ್ದರೆ 900 ಕೆಜಿ ನೀರನ್ನೇ ಹೊತ್ತು ತಂದ ಹಾಗಾಯಿತು. ಅದೇ ಸೌದೆಯನ್ನು ಕಡಿದ ಜಾಗದಲ್ಲೇ ಸೀಳಿ, ಎರಡು ಮೂರು ತಿಂಗಳು ಬಿಸಿಲಿಗೆ ಒಟ್ಟಿ, ತೇವ ನೂರಕ್ಕೆ 20ಕ್ಕೆ ಇಳಿದ ಮೇಲೆ ತಂದರೆ ತೂಕ ಸುಮಾರು 1,375 ಕೆಜಿ. ಆರು ನೂರು ಕೆಜಿಗೂ ಹೆಚ್ಚು ಭಾರ ಆಕಾಶಕ್ಕೆ ಹೋಯಿತು, ಡೀಸೆಲ್ ಇಲ್ಲದೆ! ಅದನ್ನು ಎರಡು ಸಲಕ್ಕೆ ಹಂಚಿ ತಂದರೆ ಗಾಡಿಗೂ ನೆಮ್ಮದಿ. ಒಣಗಿದ ಸಿಲ್ವರ್ ಓಕ್ ಆದರೆ ಘನ ಮೀಟರಿಗೆ 600 ಕೆಜಿಯ ಸುಮಾರು. ಅದೇ ಬಾಡಿ ತುಂಬ 1.1 ಟನ್.

ಪ್ಲೇಟು ಹೆಚ್ಚಿಗೆ ಹಾಕಿಸಿದರೆ ಗಾಡಿಯ ಬೆನ್ನು ಬಗ್ಗುವುದು ಕಾಣುವುದಿಲ್ಲ, ಅಷ್ಟೇ. ಆಕ್ಸಲ್ಲಿನ ಹೌಸಿಂಗು, ವೀಲ್ ಬೇರಿಂಗು, ಬ್ರೇಕ್ ಡ್ರಮ್ಮು, ಟೈರು ಎಲ್ಲ ಹಳೆಯ ಲೆಕ್ಕದವೇ. ಪ್ಲೇಟು ತಾಳಿದರೆ ಮುಂದಿನ ದುರ್ಬಲ ಜಾಗ ಮುರಿಯುತ್ತದೆ. ಬ್ರೇಕು ಆ ಜಾಗವಾದರೆ ಅದು ಗ್ಯಾರೇಜಿನಲ್ಲಿ ಮುಗಿಯುವ ಮಾತಲ್ಲ.

ಒಂದು ಗಮನಿಸಿ: ಮುರಿದಿರುವುದು ಪ್ಲೇಟೇ ಅಥವಾ ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟೇ? ಪ್ಲೇಟುಗಳನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟು ಸಡಿಲಾದರೆ ಪ್ಲೇಟುಗಳು ಒಂದರ ಮೇಲೊಂದು ಜಾರಿ ಸೆಂಟರ್ ಬೋಲ್ಟನ್ನು ಕತ್ತರಿಸುತ್ತವೆ. ಆಗ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಹೊಸ ಪ್ಲೇಟು ಹಾಕಿಸಿದ ನೂರಿನ್ನೂರು ಕಿಲೋಮೀಟರಿನೊಳಗೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿಸಲೇಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಮುಖ್ಯ ಪ್ಲೇಟು ತುದಿಯ ಉಂಗುರದ (ಕಣ್ಣಿನ) ಹತ್ತಿರ ಮುರಿದಿದ್ದರೆ, ಪ್ಲೇಟನ್ನು ಚಾಸಿಗೆ ತಗುಲಿಸುವ ಶ್ಯಾಕಲ್ಲಿನ ಬುಷ್ ಹಿಡಿದುಕೊಂಡಿದೆಯೋ ನೋಡಿಸಿ.

‘ಲೋಡು’ ಅನ್ನುವುದು ಎಷ್ಟು? ವ್ಯಾಪಾರಿಯೊಬ್ಬರು ಎಸೆದು ತುಂಬುತ್ತಾರೆ, ಇನ್ನೊಬ್ಬರು ಜೋಡಿಸುತ್ತಾರೆ. ದರ ಒಂದೇ.
— ಓದುಗರು, ಸಾಗರ

ಒಂದೇ ಎತ್ತರಕ್ಕೆ ಎಸೆದು ತುಂಬಿದ ಗಾಡಿಯಲ್ಲಿ ಗಟ್ಟಿ ಮರ ನೂರಕ್ಕೆ 40–45, ಜೋಡಿಸಿದ್ದರಲ್ಲಿ 60–65. ಎಸೆದ ಲೋಡಿನಲ್ಲಿ ಮೂರನೇ ಒಂದು ಪಾಲಿನಷ್ಟು ಕಡಿಮೆ ಸೌದೆ. ತೂಕಕ್ಕೆ ಕೊಂಡರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಹಸಿ ಸೌದೆಯನ್ನು ಟನ್ ಲೆಕ್ಕಕ್ಕೆ ಕೊಂಡರೆ ನೀರಿಗೆ ದುಡ್ಡು ಕೊಟ್ಟಂತೆ. ಒಣಗಿದ್ದಾದರೆ ತೂಕಕ್ಕೆ, ಹಸಿಯಾದರೆ ಜೋಡಿಸಿದ ಅಳತೆಗೆ ಕೊಳ್ಳಿ. ಅಳೆಯುವುದು ಗಾಡಿಯಲ್ಲಲ್ಲ, ನಿಮ್ಮ ಅಂಗಳದಲ್ಲಿ ಒಟ್ಟಿದ ಮೇಲೆ.

ಏಪ್ರಿಲ್‌ನಲ್ಲಿ ಅಕೇಶಿಯಾ ಕಡಿಸಿ ಕಟ್ಟಿಗೆ ಮನೆಗೆ ತುಂಬಿದೆವು. ಅಕ್ಟೋಬರಿನಲ್ಲಿ ಅಡಿಕೆ ಬೇಯಿಸಲು ತೆಗೆದರೆ ಬರೀ ಹೊಗೆ, ಹಂಡೆ ಕುದಿಯುವುದೇ ಇಲ್ಲ. ಆರು ತಿಂಗಳು ಸಾಲದೆ?
— ಓದುಗರು, ಶಿರಸಿ

ಆರು ತಿಂಗಳಲ್ಲಿ ನಾಲ್ಕು ಮಳೆಗಾಲದ್ದು. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರಿನ ಗಾಳಿಯಲ್ಲಿ ಮರ ಒಣಗುವುದಿಲ್ಲ. ಒಣಗಿದ್ದು ಸಹ ತೇವ ಎಳೆದುಕೊಳ್ಳುತ್ತದೆ. ನಿಮ್ಮ ಕಟ್ಟಿಗೆಗೆ ಸಿಕ್ಕಿದ್ದು ಒಂದೂವರೆ ತಿಂಗಳ ಬಿಸಿಲು, ಅದೂ ಮಾಡಿನ ಕೆಳಗೆ.

ಲೆಕ್ಕ ಹೀಗೆ. ಪೂರ್ತಿ ಒಣಗಿದ ಮರದಲ್ಲಿ ಕೆಜಿಗೆ 4,400 ಕಿಲೋ ಕ್ಯಾಲೊರಿಯಷ್ಟು ಶಾಖ ಇದೆ, ಜಾತಿಯಿಂದ ಜಾತಿಗೆ ದೊಡ್ಡ ವ್ಯತ್ಯಾಸವಿಲ್ಲ. ತೇವ ನೂರಕ್ಕೆ 20 ಇದ್ದಾಗ ಉಪಯೋಗಕ್ಕೆ ಸಿಗುವುದು 3,400ರ ಸುಮಾರು. ತೇವ 50 ಇದ್ದರೆ 1,900. ತೂಕದಲ್ಲಿ ಅರ್ಧ ಮರವೇ ಅಲ್ಲ, ನೀರು; ಆ ನೀರನ್ನು ಆವಿ ಮಾಡಲಿಕ್ಕೂ ಒಂದಷ್ಟು ಶಾಖ ಹೋಗುತ್ತದೆ. ಅದಲ್ಲದೆ ಒಲೆಯ ಬಿಸಿ ಇಳಿಯುವುದರಿಂದ ಹೊಗೆಯೊಳಗಿನ ಉರಿಯುವ ಅಂಶ ಉರಿಯದೇ ಹೊರಟುಹೋಗುತ್ತದೆ. ನಿಮ್ಮ ಕಣ್ಣಿಗೆ ಬಂದದ್ದು ಆ ಹೊಗೆ.

ಡಿಸೆಂಬರ್, ಜನವರಿಯಲ್ಲಿ ಕಡಿಸಿ. ಅಡಿಕೆ ಒಲೆಗೆ 3ರಿಂದ 4 ಅಡಿ ತುಂಡು, ಬಚ್ಚಲ ಒಲೆಗೆ ಎರಡಡಿ, ಅಡುಗೆಗೆ ಒಂದೂವರೆ ಅಡಿ. ತೊಡೆ ಗಾತ್ರಕ್ಕಿಂತ ದಪ್ಪದ್ದನ್ನೆಲ್ಲ ಫೆಬ್ರವರಿಯೊಳಗೆ ಸೀಳಿಸಿ. ನೀರು ಹೊರಡುವುದು ಹೆಚ್ಚಾಗಿ ತುಂಡಿನ ಎರಡು ತುದಿಯಿಂದ ಮತ್ತು ಸೀಳಿದ ಮುಖದಿಂದ. ತೊಗಟೆ ನೀರನ್ನು ಒಳಗೇ ಹಿಡಿಯುತ್ತದೆ. ಸೀಳದ ಕುಂಟೆ (ದಿಮ್ಮಿ) ಒಂದು ವರ್ಷ ಬಿದ್ದಿದ್ದರೂ ನಡುವೆ ಹಸಿಯಾಗಿಯೇ ಇರುತ್ತದೆ.

ಒಟ್ಟುವಾಗ ಕೆಳಗೆ ಎರಡು ಅಡಿಕೆ ದಬ್ಬೆ ಅಥವಾ ಕಲ್ಲು ಇಟ್ಟು ನೆಲದಿಂದ ಅರ್ಧ ಅಡಿ ಎತ್ತರಿಸಿ. ಇಲ್ಲದಿದ್ದರೆ ಕೆಳಗಿನ ಎರಡು ಸಾಲು ಗೆದ್ದಲಿಗೆ ಸೇರಿತು. ಸಾಲು ಗಾಳಿ ಬರುವ ದಿಕ್ಕಿಗೆ ಅಡ್ಡ ಇರಲಿ, ಎರಡು ಸಾಲಿನ ನಡುವೆ ಒಂದಡಿ ಬಿಡಿ. ಮಾರ್ಚ್‌–ಏಪ್ರಿಲ್‌ನ ಅಡ್ಡ ಮಳೆಗೆ ಮೇಲೆ ಮಾತ್ರ ತಗಡು ಹಾಕಿ. ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಕಡೆ ಮುಚ್ಚುವವರು ಕಟ್ಟಿಗೆಯನ್ನು ಬೆವರಿಸುತ್ತಿದ್ದಾರೆ, ಒಣಗಿಸುತ್ತಿಲ್ಲ. ಮೇ ಮೂರನೇ ವಾರದೊಳಗೆ ಒಳಗೆ ಸೇರಿಸಿ. ರಬ್ಬರ್ ಮರ ಇದ್ದರೆ ಬೇರೆಯಾಗಿಡಿ, ಅದಕ್ಕೆ ಕೊರೆಯುವ ಹುಳು ಬಹಳ ಬೇಗ ಬೀಳುತ್ತದೆ.

ಒಣಗಿದೆಯೇ ಅಂತ ತಿಳಿಯಲು ತುದಿಯ ಬಿರುಕು ನೋಡುವುದು, ಎರಡು ತುಂಡು ಬಡಿದು ಶಬ್ದ ಕೇಳುವುದು ಎಲ್ಲರಿಗೂ ಗೊತ್ತು. ಇನ್ನೂ ನಿಖರ ಬೇಕಾದರೆ ರಾಶಿಯ ನಡುವಿನ ನಾಲ್ಕು ತುಂಡಿಗೆ ಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದೇ ನಿಂತರೆ ಆ ಹವೆಯಲ್ಲಿ ಅದು ಒಣಗುವಷ್ಟು ಒಣಗಿದೆ.

ಮೆಷಿನ್ ಗರಗಸ ಕೊರೆಯುತ್ತಾ ಬಲಕ್ಕೆ ಎಳೆಯುತ್ತದೆ. ಚಕ್ಕೆ ಬರುವ ಬದಲು ಹಿಟ್ಟಿನಂತೆ ಪುಡಿ ಬರುತ್ತದೆ. ಒತ್ತಿ ಹಿಡಿದರೆ ಬಾರ್ (ಚೈನು ಸುತ್ತುವ ಪಟ್ಟಿ) ಸುಟ್ಟ ವಾಸನೆ.
— ಓದುಗರು, ಹೊಸನಗರ

ಪುಡಿ ಬಂತೆಂದರೆ ಚೈನು ಮೊಂಡಾಗಿದೆ. ಒಂದು ಕಡೆ ಎಳೆಯುತ್ತಿದ್ದರೆ ಎಡ ಬಲದ ಹಲ್ಲುಗಳ ಉದ್ದ ಒಂದೇ ಇಲ್ಲ. ಬಲಗೈಯವರು ಅರ ಹಾಕುವಾಗ ಒಂದು ಸಾಲಿಗೆ ಜೋರು, ಇನ್ನೊಂದಕ್ಕೆ ಮೆಲ್ಲಗೆ ಬೀಳುವುದು ಸಹಜ. ಚೈನು ಉದ್ದ ಹಲ್ಲಿರುವ ಕಡೆಗೆ ಓಡುತ್ತದೆ. ಎಲ್ಲಕ್ಕಿಂತ ಗಿಡ್ಡವಾದ ಹಲ್ಲು ಯಾವುದು ಹುಡುಕಿ, ಉಳಿದವನ್ನೆಲ್ಲ ಅದರ ಅಳತೆಗೆ ತನ್ನಿ. ಬೇಜಾರಿನ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಗುಂಡು ಅರದ ಗಾತ್ರ ಚೈನಿನ ಪಿಚ್ಚಿನ (ಕೊಂಡಿಗಳ ಅಂತರದ, ಇಂಚಿನಲ್ಲಿ) ಮೇಲೆ ಹೋಗುತ್ತದೆ. ಸಣ್ಣ ಮೆಷಿನ್‌ಗಳ ಲೋ ಪ್ರೊಫೈಲ್ 3/8 ಚೈನಿಗೆ 4 ಮಿಲಿಮೀಟರ್, .325 ಚೈನಿಗೆ 4.8, ದೊಡ್ಡ 3/8 ಚೈನಿಗೆ 5.2 ಅಥವಾ 5.5. ಹಲ್ಲಿನ ತಲೆಯ ಮೇಲಿನ ಗೆರೆಗೆ ಸರಿಯಾಗಿ, ಸಾಮಾನ್ಯವಾಗಿ 30 ಡಿಗ್ರಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆಯುವಾಗ ಅರ ಎತ್ತಿ. ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ ತಳ್ಳಿದರೆ ಉದ್ದ ಸಮ ಬರುತ್ತದೆ.

ಹಲ್ಲಿನ ಮುಂದಿರುವ ಗಿಡ್ಡ ಕೊಂಬನ್ನು ಯಾರೂ ಮುಟ್ಟುವುದಿಲ್ಲ. ಹಲ್ಲು ಮರದೊಳಗೆ ಎಷ್ಟು ಆಳಕ್ಕೆ ಕಚ್ಚಬೇಕು ಎಂದು ತೀರ್ಮಾನಿಸುವುದು ಅದೇ. ಹಲ್ಲಿನ ತುದಿಗಿಂತ ಅದು ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಮೂರು ನಾಲ್ಕು ಸಲ ಅರ ಹಾಕಿದ ಮೇಲೆ ಹಲ್ಲು ತಗ್ಗುತ್ತದೆ, ಕೊಂಬು ತಗ್ಗುವುದಿಲ್ಲ. ಆಗ ಹಲ್ಲು ಎಷ್ಟೇ ಹರಿತವಿದ್ದರೂ ಮರಕ್ಕೆ ಕಚ್ಚದೆ ಉಜ್ಜುತ್ತದೆ. ಚಪ್ಪಟೆ ಅರದಲ್ಲಿ ಗೇಜು ಇಟ್ಟುಕೊಂಡು ತಗ್ಗಿಸಿ. ಅಂದಾಜಿನಲ್ಲಿ ಹೆಚ್ಚು ತಗ್ಗಿಸಿದರೆ ಚೈನು ದೊಡ್ಡ ತುತ್ತು ಕಚ್ಚಿ ಮೆಷಿನ್ನನ್ನೇ ಮುಖಕ್ಕೆ ಹಾರಿಸುತ್ತದೆ.

ಇಷ್ಟಾದರೂ ಎಳೆದರೆ ಬಾರ್ ನೋಡಿ. ಎರಡು ಅಂಚಿನ ಎತ್ತರ ಬೇರೆಯಾಗಿದ್ದರೆ, ಬಾರನ್ನು ಗಾಜಿನ ಮೇಲೆ ನಿಲ್ಲಿಸಿದಾಗ ವಾಲುತ್ತದೆ. ಸುಟ್ಟ ವಾಸನೆಗೆ ಬಾರಿನ ಎಣ್ಣೆ ಬರದಿರುವುದೂ ಕಾರಣವಿರಬಹುದು. ಎಣ್ಣೆಯ ಸಣ್ಣ ರಂಧ್ರ ಪುಡಿಯಿಂದ ಕಟ್ಟುತ್ತದೆ. ಮೆಷಿನ್ ಓಡಿಸಿ ತುದಿಯನ್ನು ಒಂದು ಒಣ ಹಾಳೆಯ ಮೇಲೆ ಹಿಡಿಯಿರಿ, ಎಣ್ಣೆಯ ಗೆರೆ ಬೀಳಬೇಕು. ಪೆಟ್ರೋಲ್ ಟ್ಯಾಂಕು ಒಮ್ಮೆ ಖಾಲಿಯಾಗುವಾಗ ಎಣ್ಣೆಯ ಟ್ಯಾಂಕೂ ಹತ್ತಿರ ಹತ್ತಿರ ಖಾಲಿಯಾಗಬೇಕು. ಬಳಸಿ ಬಿಟ್ಟ ಎಂಜಿನ್ ಆಯಿಲ್ ಹಾಕಬೇಡಿ, ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ.

ಪೆಟ್ರೋಲಿಗೆ ಬೆರೆಸುವ ಎಣ್ಣೆ: ಮೆಷಿನ್ ಕಂಪನಿ ಹೇಳಿದ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಸಾಧಾರಣದ್ದಾದರೆ 40. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಗಾಳಿಯ ತೇವ ಎಳೆಯುತ್ತದೆ. ಬೆರೆಸಿದ್ದನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ, ಮಳೆಗಾಲಕ್ಕೆ ಮೆಷಿನ್ ಕಟ್ಟಿಡುವಾಗ ಟ್ಯಾಂಕು ಖಾಲಿ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ.

ವಾಲಿದ ಅಕೇಶಿಯಾ ಕಡಿಯುವಾಗ ಅರ್ಧಕ್ಕೇ ಬುಡ ಉದ್ದಕ್ಕೆ ಸೀಳಿ ಮೇಲಕ್ಕೆ ಚಿಮ್ಮುತ್ತದೆ. ತಪ್ಪಿಸುವುದು ಹೇಗೆ?
— ಓದುಗರು, ರಿಪ್ಪನ್‌ಪೇಟೆ

ಇದು ಜೀವ ತೆಗೆಯುವ ವಿಷಯ. ವಾಲಿದ ಮರದಲ್ಲಿ ಬೆನ್ನಿನ ಕಡೆಯ ನಾರು ಎಳೆದು ಬಿಗಿದಿರುತ್ತದೆ. ಹಿಂದಿನಿಂದ ಕೊರೆಯುತ್ತ ಬಂದ ಹಾಗೆ ಮರ ಬೀಳಲು ಶುರುಮಾಡುತ್ತದೆ, ಆದರೆ ಕೀಲು (ನಡುವೆ ಕೊರೆಯದೆ ಉಳಿದ ಮರ) ಇನ್ನೂ ದಪ್ಪ ಇರುವುದರಿಂದ ಬಗ್ಗುವ ಬದಲು ಸೀಳುತ್ತದೆ. ಸೀಳಿದ ಹಿಂಭಾಗ ಆಳಿನ ಎದೆಯೆತ್ತರಕ್ಕೆ ಚಿಮ್ಮುತ್ತದೆ.

ಮೊದಲು ಬೀಳುವ ದಿಕ್ಕಿಗೆ ಬಾಯಿ (ಬೆಣೆಯಾಕಾರದ ಕಚ್ಚು) ತೆಗೆಯಿರಿ, ಆಳ ಮರದ ದಪ್ಪದ ಐದನೇ ಒಂದು ಭಾಗ ಸಾಕು. ವಾಲಿದ ಮರಕ್ಕೆ ಬಾಯಿ ಆಳವಾದರೆ ಬಾರ್ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಿಂದಿನಿಂದ ಬರಬೇಡಿ. ಬಾಯಿಯ ಹಿಂದೆ ದಪ್ಪದ ಹತ್ತನೇ ಒಂದು ಭಾಗ ಕೀಲಾಗಿ ಬಿಟ್ಟು, ಪಕ್ಕದಿಂದ ಬಾರಿನ ಮೂತಿಯನ್ನು ಒಳಗೆ ತೂರಿಸಿ. ತೂರಿಸುವಾಗ ಮೂತಿಯ ಕೆಳಗಿನ ಅರ್ಧ ಮೊದಲು ತಾಗಬೇಕು, ಮೇಲಿನ ಅರ್ಧ ತಾಗಿದರೆ ಮೆಷಿನ್ ಹಿಂದಕ್ಕೆ ಒದೆಯುತ್ತದೆ. ಒಳಗೆ ಹೋದ ಮೇಲೆ ಹಿಂದಕ್ಕೆ ಕೊರೆಯುತ್ತಾ ಬನ್ನಿ, ಬೆನ್ನಿನಲ್ಲಿ ಒಂದು ಪಟ್ಟಿ ಮರ ಹಾಗೇ ಉಳಿಸಿ. ಮರ ಅಲ್ಲಾಡದೆ ನಿಂತಿರುತ್ತದೆ. ಮೆಷಿನ್ ಹೊರತೆಗೆದು, ಓಡುವ ದಾರಿ ಮತ್ತೊಮ್ಮೆ ನೋಡಿಕೊಂಡು, ಹೊರಗಿನಿಂದ ಆ ಪಟ್ಟಿ ಕತ್ತರಿಸಿ. ಬೀಳುವ ದಿಕ್ಕಿಗೆ ಓರೆಯಾಗಿ ಹಿಂದಕ್ಕೆ ಸರಿಯಿರಿ. ನೇರ ಹಿಂದಕ್ಕೆ ಅಲ್ಲ, ಬುಡ ಹಿಂದಕ್ಕೆ ಜಾರಿ ಬರುವುದುಂಟು. ಬೇರೆಯವರು ಮರದ ಎರಡರಷ್ಟು ಉದ್ದದ ಆಚೆ ಇರಲಿ. ಬುಡಕ್ಕೆ ಮೇಲ್ಗಡೆ ಸರಪಳಿ ಬಿಗಿದು ಸುತ್ತುವುದೂ ಒಳ್ಳೆಯದು. ಮೂತಿ ತೂರಿಸಿ ರೂಢಿ ಇಲ್ಲದವರು ವಾಲಿದ ಮರ ಮುಟ್ಟದಿರುವುದೇ ಸರಿ.

ತಾತನ ಕಾಲದಲ್ಲಿ ಜೀಪಿಗೆ ಟ್ರೈಲರ್ ಕಟ್ಟಿ ಸೌದೆ ತರುತ್ತಿದ್ದರಂತೆ. ಆಮೇಲೆ 407, 207 ಬಂದವು ಅಂತಾರೆ. ಈಗ ತೋಟಕ್ಕೆ ಅಂಥದ್ದೊಂದು ಹಳೇ ಗಾಡಿ ಕೊಂಡರೆ ಹೇಗೆ?
— ಓದುಗರು, ಬೆಂಗಳೂರು (ಊರು ಕಳಸ)

ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದ ಮೇಲೆ ಎಸ್ಟೇಟುಗಳಿಗೆ ಜೀಪು ಬಂತು. ಅದಕ್ಕೂ ಮುಂಚೆ ಎತ್ತಿನ ಗಾಡಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾಗ ಬಸ್ಸು ಲಾರಿಗಳೇ ಇದ್ದಿಲಿನ ಗ್ಯಾಸಿನಲ್ಲಿ ಓಡಿದವು, ಅಂದರೆ ಸೌದೆಯೇ ಗಾಡಿಯನ್ನು ಎಳೆದ ಕಾಲವೂ ಒಂದಿತ್ತು. ಜೀಪಿನ ಹಿಂದೆ ಕಟ್ಟುವ ಮಿಲಿಟರಿ ಟ್ರೈಲರ್ ಲೆಕ್ಕದಲ್ಲಿ ಕಾಲು ಟನ್ನಿನದು. ಜನ ಅದಕ್ಕೆ ಹೇರುತ್ತಿದ್ದದ್ದು ಬೇರೆ ಮಾತು. ಜೀಪಿನ ಗುಣ ಇದ್ದದ್ದು ಭಾರ ಹೊರುವುದರಲ್ಲಲ್ಲ, ನಾಲ್ಕು ಚಕ್ರಕ್ಕೂ ಎಳೆತ ಮತ್ತು ಲೋ ಗೇರು ಇರುವುದರಿಂದ ಮರ ಬಿದ್ದ ಜಾಗಕ್ಕೇ ಇಳಿದು ಹತ್ತಿ ಬರುವುದರಲ್ಲಿ. ಟಾಟಾ 407 ಬಂದದ್ದು 1986ರಲ್ಲಿ, ಟಾಟಾ 207 ಅದಾದ ಮೇಲೆ. 2005ರಲ್ಲಿ ಬಂದ ಏಸ್ 750 ಕೆಜಿ ಗಾಡಿ. ಟಾರು ರಸ್ತೆಗೆ ಸರಿ, ತೋಟದ ಕೆಸರು ಏರಿಗೆ ಅಲ್ಲ.

ಸೌದೆ ಹೊತ್ತ ಹಳೇ ಗಾಡಿ ಕೊಳ್ಳುವಾಗ ಬಣ್ಣ ನೋಡಬೇಡಿ, ಕೆಳಗೆ ಮಲಗಿ ನೋಡಿ. ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಕಡೆ ಚಾಸಿಯ ಮೇಲೆ ಬಿರುಕು ಅಥವಾ ಬೆಸುಗೆ ಇದೆಯೇ? ಹಿಂದಿನ ಪ್ಲೇಟಿನ ಬ್ರಾಕೆಟ್ಟಿನ ರಿವೆಟ್ಟು ತೆಗೆದು ಬೋಲ್ಟು ಹಾಕಿದ್ದಾರೆಯೇ? ಬಾಡಿಯ ತಳದ ತಗಡಿನ ಕೆಳಭಾಗಕ್ಕೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಹಸಿ ತೊಗಟೆಯ ರಸ ಮತ್ತು ತೇವದ ಪುಡಿ ಮೂಲೆಯಲ್ಲಿ ವರ್ಷಗಟ್ಟಲೆ ಕೂತು ತಗಡನ್ನು ತಿಂದಿರುತ್ತವೆ, ಮೇಲೆ ಬಣ್ಣ ಮಾತ್ರ ಉಳಿದಿರುತ್ತದೆ. ಹಿಂದಿನ ಹೌಸಿಂಗಿನ ಎರಡು ತುದಿಯಲ್ಲಿ ಎಣ್ಣೆ ಜಿನುಗಿದ್ದರೆ ಸೀಲು ಹೋಗಿ ಎಣ್ಣೆ ಬ್ರೇಕ್ ಲೈನರಿಗೆ ಇಳಿದಿದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ ಬೇಕು. ಎಫ್‌ಸಿ ಮುಗಿದ ಗಾಡಿ ‘ತೋಟದೊಳಗೆ ಮಾತ್ರ’ ಅಂತ ಕೊಂಡವರು ಕಡೆಗೆ ರಸ್ತೆಗೂ ತರುತ್ತಾರೆ. ಆಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ಸಿಲ್ವರ್ ಓಕ್ ಕಡಿದು ಸೌದೆ ಸಾಗಿಸಲು ಅರಣ್ಯ ಇಲಾಖೆ ಕಾಗದ ಬೇಕೆ?
— ಓದುಗರು, ಸೋಮವಾರಪೇಟೆ

ಕಡಿಯುವ ಅನುಮತಿ ಬೇರೆ, ಸಾಗಿಸುವ ರಹದಾರಿ ಬೇರೆ. ಗೊಂದಲವಾಗುವುದು ಇಲ್ಲೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ಸುಬಾಬುಲ್, ರಬ್ಬರ್, ತೆಂಗು, ಗ್ಲಿರಿಸಿಡಿಯಾ ಮೊದಲಾದವಕ್ಕೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಪಟ್ಟಿಗೆ ಕಾಲಕಾಲಕ್ಕೆ ತಿದ್ದುಪಡಿ ಆಗುತ್ತದೆ, ಸಾಗಾಟದ ನಿಯಮ ಬೇರೆಯೇ ಇದೆ. ಹಾಗಾಗಿ ಕೊಡಲಿ ಹಾಕುವ ಮುಂಚೆ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಕೊಡಗಿನಲ್ಲಿ ಜಮೀನು ‘ಅನ್‌ರಿಡೀಮ್ಡ್’ (ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಮೀನು) ಆಗಿದ್ದರೆ ಮರದ ಹಕ್ಕಿನ ಪ್ರಶ್ನೆಯೂ ಬರುತ್ತದೆ. ಪಹಣಿ ನಕಲು, ಕೊಂಡ ಸೌದೆಯಾದರೆ ರಸೀದಿ ಗಾಡಿಯಲ್ಲಿರಲಿ. ಸಿಲ್ವರ್ ಓಕ್ ರಾಶಿಯ ನಡುವೆ ಒಂದು ತುಂಡು ಬೀಟೆಯೋ ತೇಗವೋ ಸಿಕ್ಕಿದರೆ ಗಾಡಿಯೇ ಜಪ್ತಿಯಾದೀತು.

ಆಗುಂಬೆ ಘಾಟಿಯಲ್ಲಿ ಸೌದೆ ಪಿಕಪ್ ಇಳಿಸುತ್ತೇವೆ. ಅರ್ಧ ದಾರಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ, ಲೋಡೂ ಸಡಿಲವಾಗುತ್ತದೆ.
— ಓದುಗರು, ಹೆಬ್ರಿ

ಪೆಡಲ್ ಮೆತ್ತಗಾಗುವುದು ಬ್ರೇಕ್ ಆಯಿಲ್ ಕುದಿಯುವುದರಿಂದ. ಆವಿಯ ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಡಾಟ್ 3 ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಎಳೆದುಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮಲೆನಾಡು ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಬಾಟಲಿ ತುಂಬಿಸಿದರೆ ಸಾಲದು. ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ, ಲೈನರ್ ಕಾದು ಹಿಡಿತ ಬಿಟ್ಟಿದೆ.

ಘಾಟಿಯ ತಲೆಯಲ್ಲೇ ಎರಡನೇ ಗೇರಿಗೆ ಬನ್ನಿ. ಹದಿನಾಲ್ಕು ತಿರುವಿಗೂ ಎಂಜಿನ್ನೇ ಗಾಡಿ ಹಿಡಿಯಲಿ. ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ ವೇಗ ಇಳಿಸಿ ಬಿಡಿ. ಕಾಲು ಪೆಡಲ್ ಮೇಲೇ ಇಟ್ಟು ಸವರುತ್ತ ಇಳಿದರೆ ಡ್ರಮ್ಮಿಗೆ ತಣಿಯಲು ಸಮಯವೇ ಇಲ್ಲ. ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡಿ ಇಳಿಯುವ ಮಹಾನುಭಾವರು ಇನ್ನೂ ಇದ್ದಾರೆ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ನಿಂತರೆ ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಕಾದ ಡ್ರಮ್ಮಿನ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಲೋಡಿನ ಮಾತು. ಭಾರದ ಕುಂಟೆ ತಳಕ್ಕೆ, ಕ್ಯಾಬಿನ್ ಕಡೆಗೆ. ಹಿಂದಿನ ಆಕ್ಸಲ್ ದಾಟಿ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಕ್ಯಾಬಿನ್ನಿನ ಹಿಂದಿನ ಗಾಜಿಗೆ ಕಬ್ಬಿಣದ ಜಾಲರಿ ಇಲ್ಲದೆ ಸೌದೆ ತುಂಬಬೇಡಿ. ಗಿಡ್ಡ ತುಂಡುಗಳನ್ನು ಗಾಡಿಗೆ ಅಡ್ಡ ಜೋಡಿಸಿ, ಹಿಂದಿನ ಕೊನೆಯ ಎರಡು ಸಾಲನ್ನು ಉದ್ದಕ್ಕೆ ಇಟ್ಟು ಡೋರಿಗೆ ಒತ್ತಿ. ಬಾಡಿಗಿಂತ ಮೇಲೆ ಏರಿಸುವುದಾದರೆ ಮೂಲೆ ಮೂಲೆಗೆ ಗೂಟ ನಿಲ್ಲಿಸಿ. ಹೊಸ ನೈಲಾನ್ ಹಗ್ಗ ಭಾರಕ್ಕೆ, ಅದರಲ್ಲೂ ಒದ್ದೆಯಾದಾಗ, ಎಳೆದುಕೊಳ್ಳುತ್ತದೆ. ಹಲ್ಲಿನ ಬಕಲ್ ಇರುವ ಬೆಲ್ಟು ಎರಡು ಅಡ್ಡ, ಒಂದು ಉದ್ದ ಸಾಕು. ಹೊರಟು ಐದಾರು ಕಿಲೋಮೀಟರಿಗೆ ಸೌದೆ ಕುಲುಕಿ ಕೂತು ಎಲ್ಲ ಕಟ್ಟೂ ಸಡಿಲವಾಗುತ್ತದೆ. ಅಲ್ಲಿ ನಿಲ್ಲಿಸಿ ಬಿಗಿಸಿ, ಘಾಟಿಯ ತಲೆಯಲ್ಲಿ ಮತ್ತೊಮ್ಮೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಬಾಡಿಯಿಂದ ಹೊರಕ್ಕೆ ಚಾಚಿದ ಲೋಡಿಗೂ ದಂಡವುಂಟು.

ಇಲ್ಲಿ ಕೊಲೊರಾಡೊದಲ್ಲಿ ಹಳೇ ಫೋರ್ಡ್ ಪಿಕಪ್ ಇದೆ, ಕಾಡಿಗೆ ಹೋಗಿ ಸೌದೆ ತರುವ ಆಸೆ. ‘ಕಾರ್ಡ್’ ಎಂದರೆ ಎಷ್ಟು? ಒಂದೇ ಸಲಕ್ಕೆ ಬರುತ್ತದೆಯೇ?
— ಓದುಗರು, ಡೆನ್ವರ್

ಬರುವುದಿಲ್ಲ. ಕಾರ್ಡ್ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ ಜೋಡಿಸಿದ ರಾಶಿ, 128 ಘನ ಅಡಿ. ಎಂಟಡಿ ಬಾಡಿಯ ಪಿಕಪ್ಪಿನಲ್ಲಿ ಅಂಚಿನ ಮಟ್ಟಕ್ಕೆ ಒತ್ತಾಗಿ ಜೋಡಿಸಿದರೆ ಅರ್ಧ ಕಾರ್ಡ್. ಆರೂವರೆ ಅಡಿಯದಾದರೆ ಅದಕ್ಕೂ ಕಡಿಮೆ. ‘ಹಾಫ್ ಟನ್’ ಗಾಡಿ ಎಂಬ ಹೆಸರು ಹಳೆಯ ರೂಢಿ. ನಿಜವಾಗಿ ಎಷ್ಟು ಹೊರಬಹುದು ಎಂಬುದು ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿರುತ್ತದೆ, ತೀರ ಹಳೆಯ ಗಾಡಿಯಾದರೆ ಕೈಪಿಡಿಯಲ್ಲಿ. ಒಣ ಓಕ್ ಒಂದು ಕಾರ್ಡ್ ಹತ್ತಿರ ಹತ್ತಿರ ಎರಡು ಟನ್ ಮುಟ್ಟುತ್ತದೆ, ಹಸಿಯದು ಎರಡನ್ನೂ ದಾಟುತ್ತದೆ. ನಿಮ್ಮ ಕಡೆಯ ಪೈನ್ ಅದಕ್ಕಿಂತ ಬಹಳ ಹಗುರ. ‘ಫೇಸ್ ಕಾರ್ಡ್’ ಎಂದು ಮಾರುವವರ ಹತ್ತಿರ ತುಂಡಿನ ಉದ್ದ ಕೇಳಿ, ಮುಖ ಮಾತ್ರ 4 ಅಡಿಗೆ 8 ಅಡಿ ಇರುತ್ತದೆ, ಒಳಗೆ 16 ಇಂಚೂ ಇರಬಹುದು.

ರಾಷ್ಟ್ರೀಯ ಅರಣ್ಯದಲ್ಲಿ ಮನೆ ಬಳಕೆಗೆ ಫಾರೆಸ್ಟ್ ಸರ್ವಿಸ್ ಪರವಾನಗಿ ಕೊಡುತ್ತದೆ. ಯಾವ ಮರ, ಎಲ್ಲಿ, ರಸ್ತೆಯಿಂದ ಎಷ್ಟು ದೂರ ಎಂಬುದು ಅದರಲ್ಲೇ ಬರೆದಿರುತ್ತದೆ, ಸಾಮಾನ್ಯವಾಗಿ ಸತ್ತ ಮರ ಮಾತ್ರ. ಪರವಾನಗಿಯ ಚೀಟಿಯನ್ನು ಲೋಡಿಗೆ ಕಟ್ಟಬೇಕಾಗುತ್ತದೆ. ಗರಗಸಕ್ಕೆ ಕಿಡಿ ತಡೆಯುವ ಜಾಲರಿ ಇರಲೇಬೇಕು. ಸೌದೆಯನ್ನು ದೂರದ ಊರಿಗೆ ಸಾಗಿಸಬೇಡಿ. ಮಿಷಿಗನ್‌ನಲ್ಲಿ 2002ರಲ್ಲಿ ಪತ್ತೆಯಾದ ‘ಆಶ್’ ಜಾತಿಯ ಮರ ಕೊರೆಯುವ ಹಸಿರು ಜೀರುಂಡೆ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿದ್ದರಲ್ಲಿ ಸೌದೆ ಸಾಗಾಟದ ಪಾತ್ರ ದೊಡ್ಡದು.

ಇಳಿಜಾರಿನಲ್ಲಿ ಬಿದ್ದ ಮರವನ್ನು ಜೀಪಿನಲ್ಲಿ ಎಳೆಯುವಾಗ ಮುಂದಿನ ಚಕ್ರ ಮೇಲೇಳುತ್ತದೆ.
— ಓದುಗರು, ಸಕಲೇಶಪುರ

ಸರಪಳಿ ಎತ್ತರಕ್ಕೆ ಕಟ್ಟಿದ್ದೀರಿ. ಹಿಂದಿನ ಆಕ್ಸಲ್ಲಿನ ಮಟ್ಟಕ್ಕಿಂತ ಕೆಳಗಿರುವ ಹುಕ್ಕಿಗೆ ಕಟ್ಟಬೇಕು, ಬಾಡಿಗಂತೂ ಅಲ್ಲವೇ ಅಲ್ಲ. ಮರದ ದಪ್ಪ ತುದಿಗೆ ಉರುಳು ಹಾಕಿ, ಮೂತಿಯ ಅಂಚನ್ನು ಮಚ್ಚಿನಿಂದ ಸವರಿ ದುಂಡು ಮಾಡಿ, ಇಲ್ಲದಿದ್ದರೆ ಬೇರಿಗೆ ಸಿಕ್ಕಿ ನಿಲ್ಲುತ್ತದೆ. ಲೋ ಗೇರಿನಲ್ಲಿ ಮೆಲ್ಲಗೆ ಬಿಗಿಮಾಡಿ ಎಳೆಯಿರಿ. ಜಗ್ಗಿದರೆ ಸರಪಳಿ ಕಡಿಯುತ್ತದೆ. ಕಂಬಿ ಹಗ್ಗವಾದರೆ ನಡುವೆ ಒಂದು ಒದ್ದೆ ಗೋಣಿ ಹೊದಿಸಿ, ಕಡಿದರೂ ಹಾವಿನ ಹಾಗೆ ಹಾರುವುದಿಲ್ಲ. ಇಳಿಜಾರಿನ ಕೆಳಗೆ ಯಾರೂ ನಿಲ್ಲಬಾರದು. ಮರ ದೊಡ್ಡದಾದರೆ ಎಳೆಯುವ ಹಟ ಬಿಟ್ಟು ಅಲ್ಲೇ ತುಂಡು ಮಾಡಿ.

ನೀಲಗಿರಿ ಕುಂಟೆ ಸೀಳುವುದೇ ಇಲ್ಲ, ಕೊಡಲಿ ಪುಟಿಯುತ್ತದೆ.
— ಓದುಗರು, ಚಿಂತಾಮಣಿ

ಒಣಗಲು ಬಿಟ್ಟಿದ್ದೀರಿ. ನೀಲಗಿರಿಯ ನಾರು ಹೆಣೆದುಕೊಂಡಿರುತ್ತದೆ, ಕಡಿದ ವಾರದೊಳಗೆ ಹಸಿಯಾಗಿರುವಾಗಲೇ ಸೀಳಬೇಕು. ನಡುವಿಗೆ ಹೊಡೆಯಬೇಡಿ, ಅಂಚಿನಿಂದ ಸಿಪ್ಪೆ ತೆಗೆದಂತೆ ಚಕ್ಕೆ ಚಕ್ಕೆ ಎಬ್ಬಿಸಿ. ಒಣಗಿಬಿಟ್ಟಿದ್ದರೆ ತುದಿಯಲ್ಲಿರುವ ಬಿರುಕಿಗೆ ಕಬ್ಬಿಣದ ಬೆಣೆ ಎರಡು ಬೇಕು: ಒಂದು ಸಿಕ್ಕಿಕೊಂಡಾಗ ಇನ್ನೊಂದು ಬಿಡಿಸಲು. ಬೆಣೆಯ ತಲೆ ಅಣಬೆಯಂತೆ ಅರಳಿದ್ದರೆ ಉಜ್ಜಿ ತೆಗೆಯಿರಿ, ಆ ಚೂರೇ ಕಣ್ಣಿಗೆ ಹಾರುವುದು.

ಮಿಶ್ರ ಸೌದೆ ಇಳಿಸಿದ ಆಳುಗಳ ಕೈ ತುಂಬ ಬೊಬ್ಬೆ. ಯಾವ ಮರ?
— ಓದುಗರು, ತೀರ್ಥಹಳ್ಳಿ

ಹೊಳಗೇರು ಅಥವಾ ಕಾಡುಗೇರು ಬಂದಿರಬೇಕು. ಕಡಿದ ಜಾಗದಲ್ಲಿ ಸೊನೆ ಕಪ್ಪಾಗಿ ಗಟ್ಟಿಯಾಗಿದ್ದರೆ ಖಾತ್ರಿ. ತಾಗಿದ ಕೂಡಲೇ ಸೋಪು ಹಾಕಿ ತೊಳೆಯಬೇಕು, ಬಟ್ಟೆ, ಹಗ್ಗ, ಗಾಡಿಯ ಸ್ಟಿಯರಿಂಗ್ ಸಮೇತ. ಮುಖ ಊದಿದರೆ ಆಸ್ಪತ್ರೆಗೆ. ಆ ತುಂಡುಗಳನ್ನು ಒಲೆಗೂ ಹಾಕಬೇಡಿ, ಹೊಗೆಯೂ ಸುಡುತ್ತದೆ. ಯಾರೂ ಮುಟ್ಟದ ಮೂಲೆಯಲ್ಲಿ ಕೊಳೆಯಲು ಬಿಡಿ.